ಕನ್ನಡಿಯ ಮೇಲೆ ಹನ್ನೊಂದು ಮುಚ್ಚಳ

ನನ್ನ ಅಮ್ಮ ಸುಮಾರು ಮೂರು ವರ್ಷ ಮುದ್ದೆಯನ್ನು ಚಮಚದಲ್ಲಿ ತಿಂದಳು. ನಮ್ಮ ಕಡೆಯವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ. ಮುದ್ದೆ ಚಮಚಕ್ಕೆ ಒಗ್ಗುವ ಪದಾರ್ಥವಲ್ಲ. ಅದನ್ನು ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಚಮಚದಿಂದ ತಿವಿದರೆ ಅದು ತಟ್ಟೆಯ ತುಂಬ ಓಡಾಡುತ್ತದೆ. ಆದರೆ ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಕೊನೆಗಿದ್ದ ಶೆಡ್ಡಿನಲ್ಲಿ ಅವಳು ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸ ಮಾಡುತ್ತಿದ್ದಳು. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬೆಂದು ಎಳೆ ಸಡಿಲವಾದಾಗ ಅದನ್ನು ಬರಿಗೈಯಲ್ಲಿ ಹೆಕ್ಕಿ ಚರಕಕ್ಕೆ ಕೊಡಬೇಕು. ಬೆಳಗಿನಿಂದ ಸಂಜೆಯವರೆಗೆ ಬೆರಳು ಆ ನೀರಿನಲ್ಲೇ. ತುದಿಗಳ ಚರ್ಮ ಸುಲಿದು, ಸಂದುಗಳಲ್ಲಿ ಕೀವಾಗಿ, ಉಪ್ಪು ಖಾರ ತಗುಲಿದರೆ ಅವಳಿಗೆ ಜೀವ ಹೋದಂತಾಗುತ್ತಿತ್ತು.

ಹಾಗಾಗಿ ಮನೆಯಲ್ಲಿ ಬಿಸಿ ಮುದ್ದೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಟ್ಟಿದ ಒಂದು ಮುದ್ದೆಯೂ ದುಂಡಗಿರುತ್ತಿರಲಿಲ್ಲ. ಸಾರಿಗೆ ಖಾರವನ್ನೂ ನಾನೇ ಕಡಿಮೆ ಮಾಡಿದ್ದೆ. ಅಪ್ಪ ಆ ಸಪ್ಪೆ ಸಾರನ್ನು ತುಟಿಪಿಟಕ್ಕೆನ್ನದೆ ಉಂಡು ಏಳುತ್ತಿದ್ದರು.

ಡಾಕ್ಟರು ಮುಲಾಮು ಕೊಟ್ಟಿದ್ದರು. ಮುಲಾಮಿಗಿಂತ ಮುಖ್ಯವಾಗಿ ಕೈ ಆ ನೀರಿಗೆ ಹೋಗಬಾರದು, ಹೀಗೇ ಬಿಟ್ಟರೆ ಮುಂದೆ ಬೆರಳು ಮಡಚುವುದಕ್ಕೂ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದರು. ಅಮ್ಮ ಹೊರಗೆ ಬಂದವಳೇ, "ಡಾಕ್ಟ್ರಿಗೇನಪ್ಪ, ಹೇಳ್ತಾರೆ" ಎಂದಳು. ಮಾರನೆಯ ದಿನ ಮುಲಾಮು ಹಚ್ಚಿದ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ತೊಟ್ಟಿಗೇ ಹೋದಳು. ಅಪ್ಪ ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವಂತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಶರಣಾಗಿ, ನಪಾಸಾಗಿ ಮನೆಯಲ್ಲಿ ಕೂತವಳು. ನಿನ್ನ ಬದಲು ನಾನು ಹೋಗುತ್ತೇನೆ ಎಂದರೆ ಅವಳು ಒಪ್ಪುತ್ತಿರಲಿಲ್ಲ.

"ನಿನ್ ಕೈನೂ ಹಿಂಗೇ ಮಾಡ್ಕೊಂಡು ಕೂತ್ರೆ ಮುದ್ದೆ ಯಾರು ಕಟ್ತಾರೆ?" ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅಪ್ಪ ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದರು. ಅರವತ್ತರ ದಶಕದ ನಡುವಿನ ಮಾತು. ಅವರ ಬಸ್ಸಿಗೆ ಆಗಾಗ ಹತ್ತುತ್ತಿದ್ದವರಲ್ಲಿ ಬೆಂಗಳೂರಿನ ಒಂದು ಸಣ್ಣ ವರ್ಕ್‌ಷಾಪಿನ ಮೇಸ್ತ್ರಿಯೊಬ್ಬರಿದ್ದರು. ಆ ವರ್ಕ್‌ಷಾಪಿನಲ್ಲಿ ಅಲ್ಯುಮಿನಿಯಂ ಕರಗಿಸಿ, ಮೋಟಾರ್ ಸೈಕಲ್ಲಿನ ಇಂಜಿನ್ನಿಗೆ ಪಕ್ಕದಲ್ಲಿ ಕೂರಿಸುವ ಮುಚ್ಚಳಗಳನ್ನು ಅಚ್ಚು ಹೊಯ್ಯುತ್ತಿದ್ದರು. ಆಗ ಮೋಟಾರ್ ಸೈಕಲ್ಲು ಎಲ್ಲರ ಮನೆಯ ಮುಂದೆ ನಿಲ್ಲುವ ವಸ್ತುವಾಗಿರಲಿಲ್ಲ. ನಮ್ಮೂರಿನಲ್ಲಿ ರೇಷ್ಮೆ ಇಲಾಖೆಯ ಸಾಹೇಬರೊಬ್ಬರ ಹತ್ತಿರ ಒಂದಿತ್ತು, ಅದು ಬೀದಿಗೆ ಬಂದರೆ ನಾಯಿಗಳೂ ನಾವೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು. ಆದರೂ ಬೇಡಿಕೆ ಹೆಚ್ಚಾಗಿ ವರ್ಕ್‌ಷಾಪಿನಲ್ಲಿ ಮುಚ್ಚಳಗಳ ಅಂಚು ಕತ್ತರಿಸಿ ನುಣುಪು ಮಾಡಲು ಕೈ ಸಾಲದಾಗಿತ್ತು. ಅಪ್ಪ ಟಿಕೆಟ್ಟು ಹರಿಯುತ್ತಲೇ ಮಾತಿಗೆ ಮಾತು ಸೇರಿಸಿ, ಆ ಕೆಲಸವನ್ನು ನಮ್ಮ ಮನೆಗೆ ತಂದರು. ಮೊದಲು ಪರೀಕ್ಷೆಗೆ ಹನ್ನೆರಡು ಮುಚ್ಚಳ. ಹತ್ತು ದಿನ ಗಡುವು. ಮೇಸ್ತ್ರಿ ತಾವೇ ಬಂದು ನೋಡುತ್ತಾರೆ, ಒಪ್ಪಿದರೆ ವಾರಕ್ಕೊಂದು ಮೂಟೆ ಬಸ್ಸಿನ ಮೇಲೆ ಬರುತ್ತದೆ. ಒಪ್ಪದಿದ್ದರೆ ಇಲ್ಲ. ಮೂಟೆ ಬಂದರೆ ಅಮ್ಮ ತೊಟ್ಟಿ ಬಿಡಬಹುದು, ಬಾರದಿದ್ದರೆ ಬಿಡುವಂತಿಲ್ಲ. ಅಷ್ಟು ನೇರವಾದ ಲೆಕ್ಕ, ಗಣಿತದಲ್ಲಿ ನಪಾಸಾದ ನನಗೂ ಅರ್ಥವಾಗುವಂಥದ್ದು.

ಮೂಟೆ ಇಳಿಸಿದ ದಿನ ಅಮ್ಮ ಇನ್ನೂ ಶೆಡ್ಡಿನಲ್ಲಿದ್ದಳು. ಅಪ್ಪ ನನ್ನನ್ನು ಕೂರಿಸಿಕೊಂಡು ಒಂದು ಮುಚ್ಚಳವನ್ನು ತೊಡೆಯ ಮೇಲಿಟ್ಟು ತೋರಿಸಿದರು. ಅಗಲವಾದ ಬಟ್ಟಲಿನಂತೆ ಹೊರಗಡೆ ಉಬ್ಬು, ಒಳಗಡೆ ತಗ್ಗು, ಸುತ್ತ ಬೆರಳಗಲದ ಕಂಠ, ಕಂಠದಲ್ಲಿ ಸ್ಕ್ರೂ ಹಾಕುವ ತೂತುಗಳು. ಅಚ್ಚಿನ ಎರಡು ಹೋಳು ಕೂಡುವ ಕಡೆ ತೆಳ್ಳಗೆ ಲೋಹ ಹೊರಬಂದು ನಿಂತಿತ್ತು. ಅದನ್ನು ಅರದಿಂದ ಉಜ್ಜಿ ತೆಗೆಯಬೇಕು. ಆಮೇಲೆ ಲೋಹ ಉಜ್ಜುವ ಒರಟು ಎಮರಿ ಕಾಗದ, ಆಮೇಲೆ ನಯವಾದದ್ದು, ಕೊನೆಗೆ ಉಣ್ಣೆಬಟ್ಟೆ.

"ಈ ಕಂಠದ ಮುಖ ಐತಲ್ಲ, ಇದನ್ನ ಮಾತ್ರ ಮುಟ್ಬೇಡ ಕಣಮ್ಮ" ಎಂದರು ಅಪ್ಪ. "ಮಿಷನ್ನಿಗೆ ಕೊಟ್ಟು ಮಟ್ಟ ಮಾಡಿ ಕಳಿಸವ್ರೆ. ಇದು ಇಂಜಿನ್ ಮೇಲೆ ಕೂರೋ ಜಾಗ. ಇಲ್ಲಿ ಕೂದಲೆಳೆ ಸಂದಾದ್ರೂ ಎಣ್ಣೆ ಸೋರತ್ತೆ."

ನಾನು ತಲೆಯಾಡಿಸಿದೆ. ಅಮ್ಮನಿಗೂ ಹೇಳು ಎಂದು ಅವರು ಬೇರೆಯಾಗಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾನು ಮಾತ್ರ ಹೇಳಲಿಲ್ಲ. ಮರೆತೆ ಎಂದರೆ ಅರ್ಧ ಸುಳ್ಳು. ಕಂಠದ ಹತ್ತಿರದ ನಾಜೂಕು ಕೆಲಸವೆಲ್ಲ ನನ್ನದು, ಅದು ನನಗೊಬ್ಬಳಿಗೇ ಗೊತ್ತು ಎಂಬ ಒಂದು ಜಂಬ ನನಗೆ ಬಂದುಬಿಟ್ಟಿತ್ತು. ಮನೆಯಲ್ಲಿ ನಪಾಸಾದವಳು ಎಂದು ಅನ್ನಿಸಿಕೊಂಡವಳಿಗೆ ಅಂಥ ಜಂಬ ಸಿಕ್ಕುವುದೇ ಅಪರೂಪ.

ಅಮ್ಮ ಶೆಡ್ಡಿಗೆ ಹತ್ತು ದಿನ ರಜೆ ಹೇಳಿ ಬಂದಳು. ಜಗಲಿಯ ಮೇಲೆ ಗೋಣಿತಟ್ಟು ಹಾಸಿ ಇಬ್ಬರೂ ಕೂತೆವು. ಮುಚ್ಚಳವನ್ನು ಬಿಗಿದು ಹಿಡಿಯುವ ಸಲಕರಣೆ ನಮ್ಮಲ್ಲಿ ಇರಲಿಲ್ಲ. ಅಮ್ಮ ಈಳಿಗೆಮಣೆಗೆ ಕೂರುವಂತೆ ಒಂದು ಕಾಲು ಮಡಚಿ ಕೂತು, ಎರಡು ಪಾದಗಳ ನಡುವೆ ಅದನ್ನು ಸಿಕ್ಕಿಸಿಕೊಂಡು ಅರ ಆಡಿಸತೊಡಗಿದಳು. ಅರವನ್ನು ಬೆರಳಿನಿಂದ ಹಿಡಿಯಲಾಗದೆ ಬಟ್ಟೆ ಸುತ್ತಿ ಅಂಗೈಯಲ್ಲಿ ಒತ್ತುತ್ತಿದ್ದಳು. ಎದುರು ಮನೆಯ ಮುದುಕಿ ದಿನಕ್ಕೆರಡು ಸಲ ಬಂದು ನಿಂತು, "ಏಂದಮ್ಮಾ, ತಾಯಿ ಮಗಳು ಸೇರ್ಕೊಂಡು ಮೋಟಾರ್ ಸೈಕಲ್ ಕಟ್ತಾ ಇದ್ದೀರಾ? ಕಟ್ಟಿದ್ಮೇಲೆ ನನ್ನೂ ಒಂದ್ಸಲ ಕೂರಿಸ್ಕೊಂಡು ಹೋಗ್ರಮ್ಮಾ" ಎಂದು ತೆಲುಗು ಧಾಟಿಯಲ್ಲಿ ಎಳೆದು ಹೇಳಿ ಹೋಗುತ್ತಿದ್ದಳು. ಅಮ್ಮ ತಲೆ ಎತ್ತದೆ, "ನೀನು ಮುಂದೆ ಕೂತ್ಕೊ ಅಜ್ಜಿ, ನಾವು ಹಿಂದೆ" ಎನ್ನುತ್ತಿದ್ದಳು.

ಮೂರನೆಯ ದಿನ ಅಮ್ಮ ಒಂದು ಉಪಾಯ ಕಂಡುಹಿಡಿದಳು. ಅರ ಹಾಕಿದ ಅಂಚಿನಲ್ಲಿ ಕಣ್ಣಿಗೆ ಕಾಣದ ಮುಳ್ಳುಗಳು ಉಳಿಯುತ್ತವೆ. ನಾನಾದರೆ ಬೆರಳಾಡಿಸಿ ನೋಡಬಹುದು. ಅಮ್ಮನ ಬೆರಳಿಗೆ ಆ ಸ್ಪರ್ಶವೇ ಇರಲಿಲ್ಲ, ಮುಟ್ಟಿದರೆ ಎಲ್ಲವೂ ಒಂದೇ ಥರ ಉರಿ. ಅವಳು ಒಳಗೆ ಹೋಗಿ, ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಯ ಸಿಕ್ಕಿನಿಂದ ಒಂದು ಚಿಟಿಕೆ ತಂದಳು. ಅದನ್ನು ಅಂಚಿನ ಮೇಲೆ ಮೆಲ್ಲಗೆ ಎಳೆದಳು. ಎಲ್ಲಿ ಎಳೆ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ಮುಳ್ಳಿದೆ ಎಂದು ಲೆಕ್ಕ. ನಾನು ನುಣ್ಣಗಾಗಿದೆ ಎಂದು ಬದಿಗಿಟ್ಟಿದ್ದ ಮುಚ್ಚಳದಲ್ಲಿ ನಾಲ್ಕು ಕಡೆ ರೇಷ್ಮೆ ಸಿಕ್ಕಿಕೊಂಡಿತು. ನನಗೆ ಸಿಟ್ಟು ಮೂಗಿನ ತುದಿಗೆ ಬಂತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು.

ಎಂಟನೆಯ ದಿನಕ್ಕೆ ಹನ್ನೆರಡೂ ಮುಗಿದಿದ್ದವು. ಮೇಸ್ತ್ರಿ ಬರಲು ಇನ್ನೂ ಎರಡು ಪೂರ್ತಿ ದಿನವಿತ್ತು. ಮೇಲೂರಿನಲ್ಲಿ ನೆಂಟರ ಮನೆಯಲ್ಲಿ ನಾಮಕರಣ, ಮನೆಯಿಂದ ಯಾರಾದರೂ ಹೋಗಲೇಬೇಕಿತ್ತು. ನಾನು ಹೋದೆ. ಹೋಳಿಗೆ ತಿಂದು, ಮಗುವನ್ನು ಎತ್ತಿಕೊಂಡು, ನಮ್ಮ ಕಸುಬಿನ ಬಗ್ಗೆ ಒಂದಕ್ಕೆರಡು ಸೇರಿಸಿ ಹೇಳಿ, ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದೆ.

ಬಾಗಿಲಲ್ಲೇ ನಿಂತೆ. ತುಳಸಿಕಟ್ಟೆಯ ಸುತ್ತ ಹನ್ನೆರಡು ಮುಚ್ಚಳಗಳು ಸಾಲಾಗಿ ಒಣಗುತ್ತಿದ್ದವು. ಬೆಳಗ್ಗೆ ಬೆಳ್ಳಿಯಂತಿದ್ದಂಥವು ಈಗ ಒಲೆಯಿಂದ ಇಳಿಸಿದಂತೆ ಕಪ್ಪಗಾಗಿದ್ದವು. ಅಮ್ಮ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು, ಕೈಯಲ್ಲಿ ತೆಂಗಿನನಾರು.

ಆಗಿದ್ದು ಇಷ್ಟು. ಮೇಸ್ತ್ರಿಯ ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣಲಿ ಎಂದು ಅವಳು ಹನ್ನೆರಡನ್ನೂ ಒಲೆಯ ಬೂದಿ ಕಲಸಿದ ನೀರಿನಲ್ಲಿ ನೆನೆಹಾಕಿದ್ದಳು. ನಮ್ಮ ಮನೆಯಲ್ಲಿ ಇದ್ದದ್ದೆಲ್ಲ ಹಿತ್ತಾಳೆ, ತಾಮ್ರ. ಅವಕ್ಕೆ ಬೂದಿ, ಹುಣಸೆಹಣ್ಣು ಹಾಕಿದರೆ ಫಳಫಳ ಎನ್ನುತ್ತವೆ. ಅಲ್ಯುಮಿನಿಯಂ ಬೂದಿನೀರಿಗೆ ಕಪ್ಪಾಗುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅದಾದರೂ ಸರಿಮಾಡಬಹುದಿತ್ತು. ಪಾತ್ರೆ ಬೆಳಗುವಾಗ ನಮ್ಮ ಹೆಂಗಸರು ಎಲ್ಲಕ್ಕಿಂತ ಮೊದಲು ಉಜ್ಜುವುದು ಕಂಠವನ್ನು, ಬಾಯಿ ತಾಗುವ ಜಾಗವೆಂದು. ಅಮ್ಮ ಹೆಂಚಿನ ಚೂರು ತೆಗೆದುಕೊಂಡು ಹನ್ನೆರಡರ ಕಂಠವನ್ನೂ ಸುತ್ತಲೂ ಉಜ್ಜಿದ್ದಳು. ಮಿಷನ್ನು ಮಟ್ಟ ಮಾಡಿದ್ದ ಮುಖದ ಮೇಲೆಲ್ಲ ಗೀರು ಬಿದ್ದಿದ್ದವು, ಅಂಚುಗಳು ದುಂಡಗಾಗಿದ್ದವು. ಕೈ ನೋಯುತ್ತಿದ್ದರೂ ಹನ್ನೆರಡನ್ನೂ ಒಂದೇ ಸಮ ಶ್ರದ್ಧೆಯಿಂದ ಕೆಡಿಸಿದ್ದಳು.

ನಾನು ಕಿರುಚಾಡಿದೆ. ಏನೇನು ಅಂದೆನೋ ಎಲ್ಲ ನೆನಪಿಲ್ಲ, ಒಂದು ಮಾತ್ರ ನೆನಪಿದೆ. "ನಿಂಗೆ ಈ ಕೆಲಸ ಎಲ್ಲಿಂದ ಬರ್ಬೇಕು? ನೀನು ಹೋಗಿ ನೂಲೇ ತೆಗಿ" ಎಂದೆ.

ಅಮ್ಮ ನಾರನ್ನು ಕೊಡವಿ ಬಚ್ಚಲಿನ ಗೂಡಿನಲ್ಲಿಟ್ಟಳು.

ಬೆಳಗ್ಗೆ ನಾನು ಎದ್ದಾಗ ಅವಳು ಮನೆಯಲ್ಲಿರಲಿಲ್ಲ. ಎದುರು ಮನೆಯ ಅಜ್ಜಿ, "ನಿಮ್ಮಮ್ಮ ಆಗ್ಲೇ ಶೆಡ್ಡಿಗೆ ಹೋದ್ಳಲ್ಲೇ, ರಜಾ ಮುಗೀತಾ?" ಎಂದಳು. ನಾನು ಮುಖ ತೊಳೆಯದೆ ಓಡಿದೆ. ಶೆಡ್ಡಿನೊಳಗೆ ಹಬೆ, ಬೆಂದ ಹುಳುವಿನ ವಾಸನೆ. ಅಮ್ಮ ತನ್ನ ತೊಟ್ಟಿಯ ಮುಂದೆ ನಿಂತಿದ್ದಳು, ಎರಡೂ ಕೈ ಮಣಿಕಟ್ಟಿನವರೆಗೆ ನೀರಿನಲ್ಲಿ. ಎಂಟು ದಿನದಲ್ಲಿ ಕಟ್ಟಿದ್ದ ಹೊಸ ಚರ್ಮ ಆಗಲೇ ಬೆಳ್ಳಗೆ ಎದ್ದಿತ್ತು. ನನ್ನನ್ನು ನೋಡಿ ಅವಳು ಸಿಟ್ಟಾಗಲಿಲ್ಲ.

"ಸುಮ್ನೆ ಕೂತು ಏನ್ ಮಾಡ್ಲಿ? ನೀನು ಹೇಳಿದ್ದು ಸರಿ, ನಂಗೆ ಬರೋದು ಇದೊಂದೇ" ಎಂದಳು.

ಆ ಮಾತನ್ನು ಅವಳು ಬೈಗುಳವೆಂದು ತೆಗೆದುಕೊಂಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಬುದ್ಧಿಮಾತೆಂದು ತೆಗೆದುಕೊಂಡಿದ್ದಳು. ನಾಲ್ಕು ಜನರ ಮುಂದೆ ನನಗೆ ಅಳು ಬಂತು. ಅಷ್ಟು ನಾಚಿಕೆ ನನಗೆ ಆಮೇಲೆ ಎಂದೂ ಆಗಿಲ್ಲ.

"ಅಮ್ಮ, ಕಂಠ ಮುಟ್ಬಾರ್ದು ಅಂತ ಅಪ್ಪ ನಂಗೆ ಹೇಳಿದ್ರು. ನಾನು ನಿಂಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ನಾನ್ಯಾಕೆ ಉಜ್ತಿದ್ದೆ?" ಎಂದಳು ಅಮ್ಮ.

"ಅದೇ ಕಣಮ್ಮ, ತಪ್ಪು ನಂದು. ಬಾ ಮನೆಗೆ."

ಅವಳು ಕೈ ನೀರಿನಿಂದ ತೆಗೆದು, ಸೆರಗಿಗೆ ಒತ್ತಿಕೊಂಡು ಹೊರಟಳು. ಇಬ್ಬರೂ ಮನೆಗೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ಹೋದೆವು. ರಾತ್ರಿ ಚಿಂತಾಮಣಿಯಲ್ಲೇ ಉಳಿದಿದ್ದ ಅಪ್ಪನ ಬಸ್ಸು ಬಂದಿತ್ತು, ಹತ್ತು ನಿಮಿಷ ನಿಲ್ಲುತ್ತಿತ್ತು. ಅಪ್ಪ ಸುದ್ದಿ ಕೇಳಿ ಹಣೆ ಉಜ್ಜಿಕೊಂಡರು.

"ಮಟ್ಟವಾಗಿರೋ ಒಂದು ಹಾಸು ಬೇಕು. ಅದರ ಮೇಲೆ ಎಮರಿ ಅಂಟಿಸಿ ಕಂಠ ಕೆಳಗೆ ಮಾಡಿ ಉಜ್ಜಿದ್ರೆ ಸರಿಹೋಗತ್ತೆ. ಮೇಸ್ತ್ರಿ ಹತ್ರ ಕಬ್ಬಿಣದ್ದು ಐತೆ. ನಾವೆಲ್ಲಿಂದ ತರಣ? ರುಬ್ಬೋ ಕಲ್ಲು ಆಗಲ್ಲ, ಮಣೆ ಆಗಲ್ಲ."

ಡ್ರೈವರು ಹಾರನ್ ಹೊಡೆದರು. ಅಪ್ಪ ಫುಟ್‌ಬೋರ್ಡಿಗೆ ಹತ್ತಿದರು. ಬಸ್ಸು ಹೊರಟಾಗ ಅಮ್ಮ ಎರಡು ಹೆಜ್ಜೆ ಹಿಂದೆ ಓಡಿ, "ಏನಂದ್ರೆ, ಗಾಜು ಮಟ್ಟವಾಗಿರತ್ತಾ?" ಎಂದು ಕೂಗಿದಳು.

"ದಪ್ಪ ಗಾಜಾದ್ರೆ ಇರತ್ತೆ ಕಣೇ!" ಅಪ್ಪನ ದನಿ ಧೂಳಿನೊಳಗಿಂದ ಬಂತು.

ನಮ್ಮ ನಡುಮನೆಯಲ್ಲಿ ಒಂದು ಕನ್ನಡಿ ಇತ್ತು. ಅಮ್ಮನ ಮದುವೆಯಲ್ಲಿ ಚಿಂತಾಮಣಿಯ ತವರುಮನೆಯವರು ಕೊಟ್ಟದ್ದು. ಎರಡು ಬೆರಳಿನಲ್ಲಿ ಹಿಡಿದರೆ ತೂಕ ತಿಳಿಯುವಷ್ಟು ದಪ್ಪ ಗಾಜು, ತೇಗದ ಚೌಕಟ್ಟು. ಅಮ್ಮ ದಿನಾ ಅದರ ಮುಂದೆ ನಿಂತು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಮನೆಗೆ ಬಂದವಳೇ ಅವಳು ಅದನ್ನು ಮೊಳೆಯಿಂದ ಇಳಿಸಿ, ಚೌಕಟ್ಟು ಬಿಚ್ಚಿ, ನೆಲದ ಮೇಲೆ ಗೋಣಿತಟ್ಟಿನ ಮೇಲಿಟ್ಟಳು.

"ಅಮ್ಮ, ಗೀಚಿ ಹೋಗತ್ತೆ" ಎಂದೆ.

"ಹೋದ್ರೆ ಹೋಗ್ಲಿ. ನನ್ ಮುಖ ನಂಗೆ ಗೊತ್ತು" ಎಂದಳು.

ರಾಗಿ ಗಂಜಿ ಕಾಸಿ ಎಮರಿ ಕಾಗದವನ್ನು ಕನ್ನಡಿಗೆ ಅಂಟಿಸಿದೆವು. ಮುಚ್ಚಳವನ್ನು ಬೋರಲಾಗಿಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಕೈ ಒಂದೇ ಕಡೆ ಭಾರ ಬಿಟ್ಟು ಓರೆಯಾಗುತ್ತಿತ್ತು. ನಾನು ಎರಡನ್ನು ಹಾಗೆ ಓರೆ ಮಾಡಿದ ಮೇಲೆ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿದಳು. ಅಂಗೈಯನ್ನು ಮುಚ್ಚಳದ ಬೆನ್ನ ಮೇಲಿಟ್ಟು, ರಂಗೋಲಿಯ ಬಳ್ಳಿ ಎಳೆಯುವಂತೆ ಸುತ್ತಿಸುತ್ತ ಹೋದಳು. ಬೆರಳು ಬೇಕಾಗಿರಲಿಲ್ಲ, ಅಂಗೈ ಸಾಕಿತ್ತು. ತಗ್ಗಾದ ಜಾಗಕ್ಕೆ ಎಮರಿ ತಾಗದೆ ಅದು ಬೇರೆ ಬಣ್ಣದಲ್ಲಿ ಉಳಿಯುತ್ತಿತ್ತು. ಸುತ್ತಿದಂತೆ ಸುತ್ತಿದಂತೆ ಆ ಜಾಗ ಕಿರಿದಾಗಿ, ಕೊನೆಗೆ ಕಂಠವೆಲ್ಲ ಒಂದೇ ಬೂದುಬಣ್ಣಕ್ಕೆ ಬರುತ್ತಿತ್ತು. ನಾನು ಹೊರಮೈಯ ಕಪ್ಪನ್ನು ತೆಗೆದು ಮತ್ತೆ ಹೊಳಪು ಕೊಡುತ್ತಿದ್ದೆ. ಎಂಟು ದಿನದ ಕೆಲಸವನ್ನು ಎರಡು ದಿನಕ್ಕೆ ಹಿಡಿಸಿದೆವು. ಮನೆಯಲ್ಲಿ ಅಡುಗೆ ಎಂದರೆ ಅವಲಕ್ಕಿ ಮೊಸರು. ನನಗೆ ಅಮ್ಮನ ಪಕ್ಕ ಕೂತು ಕೆಲಸ ಮಾಡುವುದು ಅಷ್ಟು ಹಿತವಾಗಿ ಹಿಂದೆ ಎಂದೂ ಇರಲಿಲ್ಲ.

ಒಂದು ಮುಚ್ಚಳ ಮಾತ್ರ ಸರಿಹೋಗಲಿಲ್ಲ. ಹೆಂಚಿನ ಚೂರು ಅದರ ಕಂಠದಲ್ಲಿ ಆಳವಾಗಿ ಗೀರಿತ್ತು. ಅದನ್ನು ನಡುವೆ ಸೇರಿಸಿಬಿಡೋಣ, ಹನ್ನೆರಡರಲ್ಲಿ ಒಂದು ಯಾರಿಗೆ ಕಾಣುತ್ತದೆ ಎಂದೆ ನಾನು. ಅಮ್ಮ ಅದನ್ನು ಬಟ್ಟೆಯಲ್ಲಿ ಒರೆಸಿ ಬದಿಗಿಟ್ಟಳು.

ಮೇಸ್ತ್ರಿ ಬೆಳಗಿನ ಬಸ್ಸಿಗೆ ಅಪ್ಪನ ಜೊತೆ ಬಂದರು. ಅಪ್ಪ ಅಂದು ಬಸ್ಸನ್ನು ಇನ್ನೊಬ್ಬರಿಗೆ ಒಪ್ಪಿಸಿದ್ದರು. ಕಾಫಿ ಮುಟ್ಟುವ ಮೊದಲೇ ಮೇಸ್ತ್ರಿ ಜಗಲಿಯಲ್ಲಿ ಕೂತು, ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು, ಒಂದೊಂದು ಮುಚ್ಚಳದ ಕಂಠದ ಮೇಲೂ ಅಡ್ಡ ಇಟ್ಟು ಬೆಳಕಿಗೆ ಹಿಡಿದು ನೋಡತೊಡಗಿದರು. ಸ್ಕೇಲಿನ ಕೆಳಗೆ ಬೆಳಕು ತೂರಿದರೆ ಅದು ನಪಾಸು. ಅಪ್ಪ ಕಂಬ ಹಿಡಿದು ನಿಂತಿದ್ದರು. ನಾನು ಎಣಿಸುತ್ತಿದ್ದೆ. ಹನ್ನೊಂದಾಯಿತು. ಹನ್ನೆರಡನೆಯದು ಸಾಲಿನಲ್ಲಿರಲಿಲ್ಲ.

ಅಮ್ಮ ಅದನ್ನು ಸೆರಗಿನ ಕೆಳಗಿನಿಂದ ತೆಗೆದು ಅವರ ಮುಂದಿಟ್ಟಳು. "ಇದು ಕೆಟ್ಟೋಯ್ತಣ್ಣ. ಎಲ್ಲಾನೂ ನಾನೇ ಕೆಡಿಸಿದ್ದು. ಪಾತ್ರೆ ಥರ ಕಂಠ ಉಜ್ಜಿಬಿಟ್ಟೆ. ಅವನ್ನ ಮತ್ತೆ ಮಟ್ಟ ಮಾಡಿದ್ವಿ, ಇದೊಂದು ಆಗ್ಲಿಲ್ಲ" ಎಂದಳು. ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು.

"ಮತ್ತೆ ಮಟ್ಟ ಮಾಡಿದ್ರಾ? ಯಾವುದರ ಮೇಲೆ?" ಎಂದರು ಮೇಸ್ತ್ರಿ.

ಅಮ್ಮ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಎಮರಿಯ ಅಂಚಿನಲ್ಲಿ ಕನ್ನಡಿಯ ಒಂದು ಪಟ್ಟಿ ಮಾತ್ರ ಉಳಿದಿತ್ತು, ಅದರಲ್ಲಿ ಅವರ ಮೀಸೆ ಕಾಣಿಸಿತು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಗೋಡೆಯ ಮೇಲೆ ಕನ್ನಡಿ ತೂಗುತ್ತಿದ್ದ ಜಾಗದ ಬಿಳಿ ಚೌಕವನ್ನು ನೋಡಿದರು. ಮುಚ್ಚಳಗಳ ಒಳಮೈ ಇನ್ನೂ ಕಪ್ಪಗಿದೆಯಲ್ಲ ಎಂದು ನಾನೇ ಕೇಳಿದೆ. "ಒಳಗೆ ಎಣ್ಣೆ ಬಿಟ್ರೆ ಯಾರಿರ್ತಾರಮ್ಮ ನೋಡಕ್ಕೆ?" ಎಂದು ನಕ್ಕರು. ಗೋಣಿತಟ್ಟಿನ ಮೇಲೆ ಬಿದ್ದಿದ್ದ ರೇಷ್ಮೆಯ ಸಿಕ್ಕನ್ನು ಕಂಡು ಅದೇನೆಂದು ವಿಚಾರಿಸಿ, ತಾವೂ ಒಂದು ಅಂಚಿನ ಮೇಲೆ ಎಳೆದು ನೋಡಿದರು. ಎಲ್ಲೂ ಸಿಕ್ಕಲಿಲ್ಲ.

"ಅಕ್ಕಾ, ಇದನ್ನ ನಂಗೂ ಒಂದು ಹಿಡಿ ಕೊಡಿ. ನಮ್ ಹುಡುಗ್ರಿಗೆ ತೋರಿಸ್ಬೇಕು" ಎಂದರು. ಹೊರಡುವಾಗ ಅಪ್ಪನಿಗೆ, "ಶುಕ್ರವಾರದ ಬಸ್ಸಿಗೆ ಮೂಟೆ ಹಾಕಿಸ್ತೀನಿ" ಎಂದರು.

ಹನ್ನೆರಡನೆಯ ಮುಚ್ಚಳವನ್ನು ನಮಗೇ ಬಿಟ್ಟು ಹೋದರು. ಅದು ಬಚ್ಚಲಿನಲ್ಲಿ ಸೀಗೆಪುಡಿ ಹಾಕುವ ಬಟ್ಟಲಾಯಿತು. ಕನ್ನಡಿ ಮತ್ತೆ ಗೋಡೆಗೆ ಏರಲಿಲ್ಲ. ಅಪ್ಪ ಚಿಕ್ಕಬಳ್ಳಾಪುರದಿಂದ ಅಂಗೈಯಗಲದ ಒಂದು ಕನ್ನಡಿ ತಂದುಕೊಟ್ಟರೂ ಅಮ್ಮ ಅದನ್ನು ನನಗೆ ಕೊಟ್ಟು, ತಾನು ಕೈಯ ಅಂದಾಜಿನಲ್ಲೇ ಕುಂಕುಮ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡಳು. ಕೆಲವು ದಿನ ಅದು ಕೊಂಚ ಎಡಕ್ಕೆ ಹೋಗಿರುತ್ತಿತ್ತು. ನಾನು ಸರಿಮಾಡುತ್ತಿದ್ದೆ. ಪ್ರತಿ ವಾರ ಮೂಟೆ ಬರುತ್ತಿತ್ತು, ಪ್ರತಿ ವಾರ ಹೋಗುತ್ತಿತ್ತು. ಅಮ್ಮ ಶೆಡ್ಡಿನ ಕಡೆ ಹೋಗುವುದು ರೇಷ್ಮೆಯ ಸಿಕ್ಕು ತರುವುದಕ್ಕೆ ಮಾತ್ರ ಎಂದಾಯಿತು.

ಮೂರು ನಾಲ್ಕು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅಪ್ಪನೂ ಮನೆಯಲ್ಲಿದ್ದರು. ಅವರೆಕಾಳಿನ ಸಾರು ಮಾಡಿ, ರಾಗಿಹಿಟ್ಟು ತೊಳಸಿ, ಮುದ್ದೆ ಕಟ್ಟಲು ಮಣೆಯ ಮುಂದೆ ಕೂತಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ತಂಬಿಗೆಯ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು, ನನ್ನನ್ನು ಮೊಣಕೈಯಿಂದ ಆಚೆ ತಳ್ಳಿ, ಹೊಗೆಯಾಡುವ ಹಿಟ್ಟನ್ನು ಅಂಗೈಗೆ ತೆಗೆದುಕೊಂಡಳು. ಒಮ್ಮೆ ಈ ಕೈ, ಒಮ್ಮೆ ಆ ಕೈ. ಮೂರೇ ಸುತ್ತಿಗೆ ಮುದ್ದೆ ದುಂಡಗೆ, ನುಣ್ಣಗೆ ತಟ್ಟೆಗೆ ಬಂತು. ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು. ಅವಳು ತನ್ನ ತಟ್ಟೆಗೂ ಒಂದು ಇಟ್ಟುಕೊಂಡು, ಸಾರು ಬಡಿಸಿಕೊಂಡು, ಚಮಚಕ್ಕಾಗಿ ಕೈ ಚಾಚದೆ, ಬೆರಳಲ್ಲಿ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡಳು. ನಾವಿಬ್ಬರೂ ಉಣ್ಣುವುದು ಬಿಟ್ಟು ಕಾಯುತ್ತಿದ್ದೆವು.

ಅಮ್ಮ ನುಂಗಿದಳು. ಇನ್ನೊಂದು ತುತ್ತು ಮುರಿದು, ಬೆರಳುಗಳನ್ನು ಗೆಣ್ಣಿನವರೆಗೆ ಸಾರಿನಲ್ಲಿ ಅದ್ದಿ, ನನ್ನ ಕಡೆ ತಿರುಗಿ ಮುಖ ಸಿಂಡರಿಸಿದಳು.

"ಇದೇನೇ ಇದು, ಸಾರಿಗೆ ಖಾರನೇ ಹಾಕಿಲ್ಲ?"

ಯಾವತ್ತಾದರೂ ಆಗಿದ್ದರೆ ಒಂದಕ್ಕೆ ನಾಲ್ಕು ಮಾತಾಡುತ್ತಿದ್ದೆ. ಅವತ್ತು ಎದ್ದು ಹೋಗಿ ಖಾರದಪುಡಿಯ ಡಬ್ಬಿ ತಂದೆ.